ಅಡುಗೆಮನೆಯ ನವೀಕರಣ: ಕಲ್ಲು, ಕಟ್ಟಿಗೆ ಮತ್ತು ಲೆಕ್ಕ

ಅಂಗಡಿಗೆ ತೂಕದ ಯಂತ್ರ ತರುವಾಗ, ಗಿರಣಿಗೆ ಹೊಸ ಮೋಟಾರು ಕೊಳ್ಳುವಾಗ ನಮ್ಮ ವರ್ತಕ ಬಂಧುಗಳು ನಾಲ್ಕು ಕಡೆಯಿಂದ ದರಪಟ್ಟಿ ತರಿಸುತ್ತಾರೆ, ಬಾಳಿಕೆ ವಿಚಾರಿಸುತ್ತಾರೆ, ಬಿಡಿಭಾಗಗಳು ಎಲ್ಲಿ ದೊರೆಯುತ್ತವೆಂದು ಕೇಳಿಯೇ ಮುಂಗಡ ಕೊಡುತ್ತಾರೆ. ಅದೇ ವರ್ತಕರು ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವಾಗ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ತಿರುವಿ ಹಾಕಿ, ಮೂರು-ನಾಲ್ಕು ಲಕ್ಷ ರೂಪಾಯಿಗಳ ನಿರ್ಧಾರವನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡುವುದನ್ನು ನನ್ನ ವೃತ್ತಿಜೀವನದಲ್ಲಿ ಹಲವು ಬಾರಿ ಕಂಡಿದ್ದೇನೆ. ಸಾಮಾನ್ಯ ಮನೆಯಲ್ಲಿ ಮಗಳ ಮದುವೆ, ಮಕ್ಕಳ ಶಿಕ್ಷಣ ಮತ್ತು ವಾಹನ ಖರೀದಿಗಳನ್ನು ಬಿಟ್ಟರೆ ಒಮ್ಮೆಲೇ ಇಷ್ಟು ಹಣ ಹೋಗುವ ಸಂದರ್ಭಗಳು ಬಹಳ ಇರುವುದಿಲ್ಲ. ಆದುದರಿಂದ ಈ ವೆಚ್ಚವನ್ನೂ ವ್ಯಾಪಾರದ ಶಿಸ್ತಿನಿಂದ ನೋಡುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಇಂದು ಪೇಟೆಯಲ್ಲಿ ಸಿದ್ಧ ಪೆಟ್ಟಿಗೆಗಳ ಮಾಡ್ಯುಲರ್ ಅಡುಗೆಮನೆಯದೇ ಭರಾಟೆ. ಅವುಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಆದರೆ ಕಡಿಮೆ ದರದಲ್ಲಿ ಮಾರಾಟವಾಗುವ ಬಹುಪಾಲು ಪೆಟ್ಟಿಗೆಗಳ ಒಳಗಿರುವುದು ಕಟ್ಟಿಗೆಯ ಪುಡಿಯನ್ನು ಅಂಟಿನೊಡನೆ ಒತ್ತಿ ತಯಾರಿಸಿದ ಪಾರ್ಟಿಕಲ್ ಬೋರ್ಡ್. ಅಂಚಿನ ಪಟ್ಟಿ ಸಡಿಲಿ ಅದರೊಳಗೆ ನೀರು ಸೇರಿತೆಂದರೆ ಅದು ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಕುಗ್ಗುವುದಿಲ್ಲ. ಒಮ್ಮೆ ಸಡಿಲಾದ ತಿರುಪು ಅದೇ ರಂಧ್ರದಲ್ಲಿ ಮತ್ತೆ ಹಿಡಿಯುವುದಿಲ್ಲ. ಸಿಂಕಿನ ಕೆಳಗಿನ ಪೆಟ್ಟಿಗೆ ಮೊದಲು ಹೋಗುತ್ತದೆ, ಅನಂತರ ಭಾರವಾದ ಬಾಗಿಲುಗಳ ಬಿಜಾಗರಿಗಳು. ನಮ್ಮ ಅಡುಗೆಮನೆಗಳಲ್ಲಿ ನೀರಿನ ಬಳಕೆ ಎಷ್ಟೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ನೆಲವನ್ನು ಒರೆಸುವುದಕ್ಕಿಂತ ತೊಳೆಯುವುದೇ ನಮ್ಮ ರೂಢಿ.

ಇದಕ್ಕೆ ಪ್ರತಿಯಾಗಿ ನಮ್ಮ ಹಿರಿಯರ ಮನೆಗಳಲ್ಲಿ ಶಹಾಬಾದಿನ ಫರ್ಸಿ, ಕಡಪದ ಕಪ್ಪು ಕಲ್ಲು, ಸಾಗುವಾನಿಯ ಕಪಾಟು, ಸುಣ್ಣದ ಗೋಡೆ ಇವೇ ಇದ್ದವು. ಇವೆಲ್ಲ ಹಳೆಯವು ಎಂಬ ಕಾರಣಕ್ಕೆ ಒಳ್ಳೆಯವು ಎನ್ನುವುದು ನನ್ನ ವಾದವಲ್ಲ. ಹಳೆಯ ಅಡುಗೆಮನೆಗಳಲ್ಲಿ ಬೆಳಕಿರಲಿಲ್ಲ, ಹೊಗೆ ಹೋಗಲು ದಾರಿ ಇರಲಿಲ್ಲ. ಆದರೆ ಅಲ್ಲಿಯ ಸಾಮಗ್ರಿಗಳನ್ನು ಇಂದಿನ ಅನುಕೂಲಗಳೊಡನೆ ಬಳಸಿದರೆ ಹಣಕ್ಕೆ ತಕ್ಕ ಪ್ರತಿಫಲ ದೊರೆಯುವುದೇ ಎಂಬುದು ಪ್ರಶ್ನೆ.

ಯಾವ ಕಲ್ಲು ಎಲ್ಲಿಗೆ

ನೈಸರ್ಗಿಕ ಕಲ್ಲು ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಭಾಗಗಳಿಂದ ಬರುವ ಫರ್ಸಿ, ಆಂಧ್ರದಿಂದ ಬರುವ ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಇವು ಮೂರೂ ಸುಣ್ಣಕಲ್ಲಿನ ಜಾತಿಗೆ ಸೇರಿದವು. ಶಹಾಬಾದ್ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು ನೆಲೆಸಿರುವುದು ಇದೇ ಕಾರಣದಿಂದ. ಸುಣ್ಣಕಲ್ಲಿನ ಮುಖ್ಯ ದೋಷವೆಂದರೆ ಹುಳಿ. ನಿಂಬೆರಸ, ಹುಣಸೆಹುಳಿ, ವಿನೆಗರ್ ಬಿದ್ದ ಜಾಗದಲ್ಲಿ ಹೊಳಪು ಹೋಗಿ ಮಬ್ಬು ಕಲೆ ಉಳಿಯುತ್ತದೆ. ಅಮೃತಶಿಲೆಯೂ ಇದಕ್ಕೆ ಹೊರತಲ್ಲ; ಅದರ ಮೇಲೆ ಅರಿಸಿನದ ಕಲೆ ಬೇರೆ. ಚಿತ್ರಗಳಲ್ಲಿ ಬಿಳಿ ಅಮೃತಶಿಲೆಯ ಅಡುಗೆ ಕಟ್ಟೆ ಎಷ್ಟೇ ಸೊಗಸಾಗಿ ಕಂಡರೂ ನಿತ್ಯ ಸಾರು-ಹುಳಿ ಮಾಡುವ ಮನೆಗೆ ಅದು ಹೊಂದುವುದಿಲ್ಲ.

ಹಾಗೆಂದು ಸುಣ್ಣಕಲ್ಲನ್ನು ಪೂರ್ತಿಯಾಗಿ ತಳ್ಳಿಹಾಕಬೇಕಿಲ್ಲ. ನೆಲಕ್ಕೆ ಶಹಾಬಾದ್ ಫರ್ಸಿಯಷ್ಟು ಉಪಯುಕ್ತವಾದದ್ದು ಆ ದರದಲ್ಲಿ ಇನ್ನೊಂದಿಲ್ಲ. ಪೂರ್ಣ ಹೊಳಪು ಕೊಡದೆ ಸಾಣೆ ಹಿಡಿಸಿದರೆ ಒದ್ದೆಯಾದಾಗಲೂ ಕಾಲು ಜಾರುವುದು ಕಡಿಮೆ. ಬೇಸಿಗೆಯಲ್ಲಿ ತಂಪು. ಕಟ್ಟೆಯ ಕೆಳಗಿನ ಆಧಾರದ ಗೋಡೆಗಳಿಗೆ ಮತ್ತು ಅಡ್ಡ ಹಲಗೆಗಳಿಗೆ ಕಡಪ ಕಲ್ಲು ಉತ್ತಮ. ಗೆದ್ದಲಿಗೆ ಅಲ್ಲಿ ತಿನ್ನಲು ಏನೂ ಇಲ್ಲ, ನೀರಿಗೆ ಉಬ್ಬಿಸಲು ಏನೂ ಇಲ್ಲ. ಇಂತಹ ಕಲ್ಲಿನ ಚೌಕಟ್ಟನ್ನು ಕಟ್ಟಿಸಿ ಮುಂಭಾಗಕ್ಕೆ ಮಾತ್ರ ಕಟ್ಟಿಗೆಯ ಬಾಗಿಲು ಕೂಡಿಸಿದರೆ ಮುಂದೆ ಬದಲಿಸಬೇಕಾದದ್ದು ಬಾಗಿಲು ಮಾತ್ರ.

ಹಳೆಯ ಮನೆ ಇದ್ದವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನೆಲದಲ್ಲಿರುವ ಹಳೆಯ ಫರ್ಸಿಯನ್ನು ಒಡೆದು ಕಸಕ್ಕೆ ಹಾಕಬೇಕಾಗಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಗೌಂಡಿ ಎಚ್ಚರಿಕೆಯಿಂದ ಎಬ್ಬಿಸಿದಾಗ ಮುಕ್ಕಾಲು ಪಾಲು ಕಲ್ಲುಗಳು ಇಡಿಯಾಗಿ ಬಂದವು. ಅಂಚುಗಳನ್ನು ಯಂತ್ರದಲ್ಲಿ ನೇರ ಕೊಯ್ಯಿಸಿ, ಮುಖಕ್ಕೆ ಸಾಣೆ ಹಿಡಿಸಿ ಅಲ್ಲಿಯೇ ಮತ್ತೆ ಹಾಸಿಸಿದೆವು. ಕೂಲಿಯ ಹೊರತು ನೆಲಕ್ಕೆ ತಗುಲಿದ ವೆಚ್ಚ ಅತ್ಯಲ್ಪ.

ಅಡುಗೆ ಕಟ್ಟೆಯ ಮೇಲ್ಭಾಗಕ್ಕೆ ಮಾತ್ರ ಗ್ರಾನೈಟ್ ಸೂಕ್ತ. ಇದರಲ್ಲಿರುವ ಖನಿಜಗಳು ಚಾಕುವಿನ ಉಕ್ಕಿಗಿಂತ ಗಟ್ಟಿಯಾಗಿದ್ದು, ಅಡುಗೆಯ ಹುಳಿಗೆ ಜಗ್ಗುವುದಿಲ್ಲ. ನಮ್ಮ ರಾಜ್ಯ ಈ ವಿಷಯದಲ್ಲಿ ಭಾಗ್ಯಶಾಲಿ. ಇಳಕಲ್ಲಿನ ಕೆಂಪು, ಕನಕಪುರದ ಬಹುಬಣ್ಣ, ಚಾಮರಾಜನಗರದ ಕಪ್ಪು ಶಿಲೆ ಇವೆಲ್ಲ ಹೊರದೇಶಗಳಿಗೂ ಹೋಗುವ ಸರಕು. ಚಾಮರಾಜನಗರದ ಕಪ್ಪು ಕಲ್ಲು ಭೂವಿಜ್ಞಾನದ ದೃಷ್ಟಿಯಲ್ಲಿ ಗ್ರಾನೈಟ್ ಅಲ್ಲದಿದ್ದರೂ ವ್ಯಾಪಾರದಲ್ಲಿ ಅದೇ ಹೆಸರು ರೂಢಿಯಾಗಿದೆ, ಗುಣದಲ್ಲಿ ಕೊರತೆಯಿಲ್ಲ.

ಕೊಳ್ಳುವ ಮೊದಲು ಒಂದು ಅಂಗೈ ಅಗಲದ ತುಂಡನ್ನು ಕೇಳಿ ಮನೆಗೆ ತರಬೇಕು. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ರಾತ್ರಿಯಿಡೀ ಬಿಟ್ಟರೆ, ಸುಣ್ಣದ ಅಂಶವಿರುವ ಕಲ್ಲಾಗಿದ್ದಲ್ಲಿ ಬೆಳಿಗ್ಗೆ ಕಲೆ ತಾನಾಗಿ ಹೇಳುತ್ತದೆ. ನೀರಿನ ಹನಿ ಹತ್ತು ನಿಮಿಷದಲ್ಲಿ ಕಪ್ಪು ಗುರುತು ಮಾಡಿದರೆ ಆ ಕಲ್ಲು ಹೀರಿಕೊಳ್ಳುತ್ತದೆ ಎಂದರ್ಥ. ಎಣ್ಣೆಯನ್ನೂ ಹಾಗೆಯೇ ಹೀರುತ್ತದೆ. ಕಪ್ಪು ಕಲ್ಲಿಗೆ ಬಣ್ಣ ತಿಕ್ಕಿ ಮಾರುವ ಪದ್ಧತಿ ಅಲ್ಲಲ್ಲಿ ಉಂಟು. ಉಗುರಿನ ಬಣ್ಣ ತೆಗೆಯಲು ಬಳಸುವ ಅಸಿಟೋನ್ ದ್ರವದಲ್ಲಿ ಬಿಳಿ ಬಟ್ಟೆಯನ್ನು ಅದ್ದಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಆ ಅಂಗಡಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಬಹುದು.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಸಾಮಾನ್ಯವಾಗಿ ಇಡೀ ಹಲಗೆಯ ಚದರ ಅಡಿಗೆ ಬಿಲ್ಲು ಮಾಡುತ್ತಾರೆ, ಕಟ್ಟೆಗೆ ತಗುಲಿದ್ದಕ್ಕಲ್ಲ. ಸಿಂಕಿಗಾಗಿ, ಒಲೆಗಾಗಿ ಕೊಯ್ದು ತೆಗೆದ ತುಂಡುಗಳಿಗೂ ತಾವೇ ಹಣ ಕೊಟ್ಟಿರುತ್ತೀರಿ. ಅವನ್ನು ಕೇಳಿ ಪಡೆದು ಕಿಟಕಿಯ ಹಾಸಿಗೆ, ಹೊಸ್ತಿಲಿಗೆ, ಮಸಾಲೆ ಡಬ್ಬಿಗಳ ಗೂಡಿಗೆ ಬಳಸಬೇಕು. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಹಲಗೆ ಒಂದು ಚದರ ಅಡಿಗೆ ಸುಮಾರು 5 ಕಿಲೋಗ್ರಾಂ ತೂಗುತ್ತದೆ. 30 ಚದರ ಅಡಿಯ ಕಟ್ಟೆಯೆಂದರೆ ಒಂದೂವರೆ ಕ್ವಿಂಟಲ್. ಕೆಳಗಿನ ಆಧಾರ ಇದನ್ನು ತಾಳಬೇಕು. ಒಲೆಗೆ ಕೊಯ್ದ ಜಾಗದ ಎರಡೂ ಬದಿಯಲ್ಲಿ ಆಧಾರವಿಲ್ಲದಿದ್ದರೆ ಕಲ್ಲು ಬಿರುಕು ಬಿಡುವುದು ಅಲ್ಲಿಯೇ.

ಕಟ್ಟೆಯ ಎತ್ತರವನ್ನು ಗೌಂಡಿಗೆ ಬಿಡದೆ ಮನೆಯಲ್ಲಿ ಅಡುಗೆ ಮಾಡುವವರನ್ನು ನಿಲ್ಲಿಸಿ ಗುರುತು ಹಾಕಿಸಬೇಕು. ನಮ್ಮ ಕಡೆ ನಿತ್ಯ ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಒಂದೇ ಎತ್ತರದ ಕಟ್ಟೆ ಸಾಲದು. ರೊಟ್ಟಿ ಬಡಿಯಲು ತೋಳಿನ ಭಾರ ಮೇಲಿನಿಂದ ಬೀಳಬೇಕು. ನಮ್ಮ ಮನೆಯವರು ಎರಡು ಅಡಿ ಉದ್ದದ ಭಾಗವನ್ನು ಉಳಿದ ಕಟ್ಟೆಗಿಂತ ಐದು ಅಂಗುಲ ತಗ್ಗಿಸಲೇಬೇಕೆಂದು ಹಟ ಹಿಡಿದರು. ಗುತ್ತಿಗೆದಾರರು ನೋಟ ಕೆಡುತ್ತದೆಂದು ಮೂರು ಬಾರಿ ಹೇಳಿದರು. ಇಂದು ಆ ಅಡುಗೆಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಜಾಗ ಅದೇ.

ಕಟ್ಟಿಗೆ ಮತ್ತು ಸುಣ್ಣ

ಬಾಗಿಲುಗಳಿಗೆ ಸಾಗುವಾನಿ ಶ್ರೇಷ್ಠವೆಂಬುದು ನಿರ್ವಿವಾದ, ದರವೂ ಹಾಗೆಯೇ. ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜಿನಲ್ಲಿ ಕೊಂಡ ಮಾಲಿಗೆ ದಾಖಲೆ ಸರಿಯಾಗಿರುತ್ತದೆ. ಹಳೆಯ ಮನೆಗಳನ್ನು ಕೆಡವಿದ ಕಟ್ಟಿಗೆಯನ್ನು ಮಾರುವ ಅಡ್ಡೆಗಳಲ್ಲಿಯೂ ಉತ್ತಮ ಸಾಗುವಾನಿ ಸಿಗುತ್ತದೆ. ದಶಕಗಳ ಕಾಲ ಒಣಗಿರುವುದರಿಂದ ಮತ್ತೆ ಬಾಗುವ ಭಯ ಕಡಿಮೆ. ಒಳಗೆ ಉಳಿದ ಮೊಳೆಗಳನ್ನು ಬಡಿಗರು ಮೊದಲೇ ಕಿತ್ತುಹಾಕಬೇಕು, ಇಲ್ಲವಾದರೆ ಗರಗಸದ ಅಲಗಿಗೆ ದಂಡ. ಕಡಿಮೆ ವೆಚ್ಚದವರಿಗೆ ಹಲಸು, ಬೇವು ಇವೆ. ಹುಳುಗಳಿಗೆ ಬೇವು ಅಷ್ಟು ರುಚಿಸುವುದಿಲ್ಲವೆಂಬುದು ಹಳ್ಳಿಯ ಬಡಿಗರೆಲ್ಲ ಬಲ್ಲ ಮಾತು. ಅಗಲವಾದ ಭಾಗಗಳಿಗೆ ಪ್ಲೈವುಡ್ ಅನಿವಾರ್ಯವಾದರೆ ಸಿಂಕಿನ ಸುತ್ತ ಭಾರತೀಯ ಮಾನಕ 710ರ ಗುರುತಿರುವ ಮರೈನ್ ಪ್ಲೈವುಡ್ ಹಾಕಿಸಬೇಕು. ಅಂಗಡಿಯವರು ಬಾಯಲ್ಲಿ ಹೇಳುವ ‘ವಾಟರ್‌ಪ್ರೂಫ್’ ಎಂಬ ಶಬ್ದಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲದಿದ್ದರೆ ಬೆಲೆಯೂ ಇಲ್ಲ.

ಕಟ್ಟಿಗೆಗೆ ಅಗಸೆ ಎಣ್ಣೆ ಹಚ್ಚುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಹಚ್ಚಿದ ಚಿಂದಿ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ತಾನೇ ಕಾವು ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಗಿಸುವುದು ಕ್ಷೇಮ.

ಗೋಡೆಗೆ ಸುಣ್ಣದ ಗಿಲಾವು ಎಲ್ಲರಿಗೂ ಬೇಕಾಗಿಲ್ಲ. ಕಲ್ಲು-ಮಣ್ಣಿನ ಹಳೆಯ ಗೋಡೆಗಳಿಗೆ ಮಾತ್ರ ಅದು ಸಿಮೆಂಟಿಗಿಂತ ಹಿತ. ಗೋಡೆಯೊಳಗಿನ ತೇವವನ್ನು ಹೊರಬಿಡುತ್ತದೆ. ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಪದರ ಪದರಕ್ಕೆ ಕಾಯಬೇಕು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಸುಣ್ಣದ ಕೆಲಸಕ್ಕೆ ಕೈ ಹಾಕಬಾರದು. ಒಲೆಯ ಹಿಂಭಾಗಕ್ಕಂತೂ ಎರಡು ಅಡಿ ಎತ್ತರದವರೆಗೆ ಗ್ರಾನೈಟ್ ತುಂಡುಗಳನ್ನೇ ಹಚ್ಚಿಸಬೇಕು.

ಬಾಳಿಕೆಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳನ್ನು ವಿಧಾನ ತಿಳಿಸಲು ಇಟ್ಟುಕೊಂಡಿದ್ದೇನೆ. ಓದುಗರು ತಮ್ಮ ದರಪಟ್ಟಿಯ ಅಂಕಿಗಳನ್ನು ಆ ಜಾಗದಲ್ಲಿ ಇಡಬೇಕು. ಪಾರ್ಟಿಕಲ್ ಬೋರ್ಡಿನ ಸಿದ್ಧ ಅಡುಗೆಮನೆಗೆ 3 ಲಕ್ಷ ರೂಪಾಯಿ, ಬಾಳಿಕೆ 10 ವರ್ಷ. ಕಲ್ಲು-ಕಟ್ಟಿಗೆಯ ಅಡುಗೆಮನೆಗೆ 4.5 ಲಕ್ಷ, ಬಾಳಿಕೆ 30 ವರ್ಷ, ಜೊತೆಗೆ ವರ್ಷಕ್ಕೆ 2,000 ರೂಪಾಯಿ ಪಾಲಿಶ್, ಬಿಜಾಗರಿ ಇತ್ಯಾದಿ. ಸರಳವಾಗಿ ಭಾಗಿಸಿದರೆ ಮೊದಲನೆಯದಕ್ಕೆ ವರ್ಷಕ್ಕೆ 30,000, ಎರಡನೆಯದಕ್ಕೆ 17,000. ಕಲ್ಲಿನ ಪರವಾಗಿ ಮಾತನಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಇಂದು ಹೆಚ್ಚುವರಿಯಾಗಿ ಹೂಡಿದ ಒಂದೂವರೆ ಲಕ್ಷಕ್ಕೂ ಬಡ್ಡಿಯ ಬೆಲೆ ಉಂಟಲ್ಲವೇ? ಶೇಕಡಾ 7ರ ಬಡ್ಡಿಯನ್ನು ಹಿಡಿದು ಸಮಾನ ವಾರ್ಷಿಕ ವೆಚ್ಚ ತೆಗೆದರೆ ಮೊದಲನೆಯದು ಸುಮಾರು 42,700, ಎರಡನೆಯದು ನಿರ್ವಹಣೆ ಸೇರಿ ಸುಮಾರು 38,300. ಅಂತರ ಹದಿಮೂರು ಸಾವಿರದಿಂದ ನಾಲ್ಕೂವರೆ ಸಾವಿರಕ್ಕೆ ಇಳಿಯಿತು. ಅದೇ ಹಣವನ್ನು ಶೇಕಡಾ 12ರ ಸಾಲದಿಂದ ತಂದರೆ ಮೊದಲನೆಯದು 53,100, ಎರಡನೆಯದು 57,900. ಲೆಕ್ಕ ತಿರುಗಿಬಿತ್ತು! ವ್ಯಾಪಾರದ ಓವರ್‌ಡ್ರಾಫ್ಟ್‌ನಿಂದ ಹಣ ತೆಗೆದು ಅಡುಗೆಮನೆ ಮಾಡಿಸುವವರು ಈ ಸಾಲನ್ನು ಎರಡು ಬಾರಿ ಓದಬೇಕೆಂದು ವಿನಂತಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹತ್ತು ವರ್ಷದ ಅನಂತರ ಅದೇ ಪೆಟ್ಟಿಗೆಗಳು 3 ಲಕ್ಷಕ್ಕೆ ಸಿಗಲಾರವು. ದರ ವರ್ಷಕ್ಕೆ ಶೇಕಡಾ 5ರಂತೆ ಏರುವುದಾದರೆ ಆಗ 4.89 ಲಕ್ಷ, ಇಪ್ಪತ್ತು ವರ್ಷದ ಅನಂತರ 7.96 ಲಕ್ಷ ಬೇಕಾಗುತ್ತದೆ. ಈ ಎರಡು ಬದಲಾವಣೆಗಳನ್ನೂ ಶೇಕಡಾ 12ರ ದರದಲ್ಲಿ ಇಂದಿನ ಮೌಲ್ಯಕ್ಕೆ ತಂದರೆ ಮೊದಲನೆಯದರ ಒಟ್ಟು ಹೊರೆ ಸುಮಾರು 5.40 ಲಕ್ಷ. ಎರಡನೆಯದರ ನಿರ್ವಹಣಾ ವೆಚ್ಚವನ್ನೂ ಹಾಗೆಯೇ ಏರಿಸಿ ಲೆಕ್ಕ ಹಾಕಿದರೆ ಸುಮಾರು 4.74 ಲಕ್ಷ. ಹೀಗೆ ಕಲ್ಲು ಮತ್ತೆ ಮುಂದಾಗುತ್ತದೆ. ಆದರೆ ಈ ಲಾಭವೆಲ್ಲ ಹನ್ನೊಂದನೆಯ ವರ್ಷದ ಮೇಲೆಯೇ ನಿಂತಿದೆ. ಹತ್ತು ವರ್ಷದೊಳಗೆ ಆ ಮನೆ ಮಾರಾಟವಾಗುವುದಾದರೆ, ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಅಡುಗೆಮನೆ ಇನ್ನೊಬ್ಬರ ಪಾಲಿಗೆ ಹೋಗುವುದಾದರೆ ಕಲ್ಲಿನ ಬಾಳಿಕೆಯ ಫಲವನ್ನು ಉಣ್ಣುವವರು ಬೇರೆ. ಪೆಟ್ಟಿಗೆಗಳನ್ನಾದರೂ ಬಿಚ್ಚಿ ಒಯ್ಯಬಹುದು, ಕಟ್ಟೆಯನ್ನು ಒಯ್ಯಲಾಗದು. ಅವಿಭಕ್ತ ಕುಟುಂಬದ ಹಿರಿಯರೊಬ್ಬರು ನನ್ನನ್ನು ಸಲಹೆ ಕೇಳಿದಾಗ ಮೊದಲು ಹಿಸ್ಸೆಯ ಕಾಗದ ಮುಗಿಸಿ, ಆಮೇಲೆ ಗೌಂಡಿಯನ್ನು ಕರೆಯಿರಿ ಎಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಹಾಗೆಯೇ ಮಾಡಿದರು.

ಕಲ್ಲಿನ ಧೂಳು

ಪೇಟೆಯಲ್ಲಿ ಗ್ರಾನೈಟ್‌ಗೆ ಪರ್ಯಾಯವಾಗಿ ಕೃತಕ ಕ್ವಾರ್ಟ್ಜ್ ಹಲಗೆಗಳು ಬಂದಿವೆ. ಕಲ್ಲಿನ ಪುಡಿಯನ್ನು ರಾಳದೊಡನೆ ಒತ್ತಿ ಮಾಡಿದ ಇವುಗಳಲ್ಲಿ ಶೇಕಡಾ 90ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಿಲಿಕಾ ಇರಬಹುದು. ಮನೆಯಲ್ಲಿ ಬಳಸುವವರಿಗೆ ಅದರಿಂದ ತೊಂದರೆಯಿಲ್ಲ. ತೊಂದರೆ ಕೊಯ್ಯುವವನಿಗೆ. ಒಣಗಿದ ಹಲಗೆಯ ಮೇಲೆ ಯಂತ್ರ ಹಿಡಿದಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆನಿಂತು ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತದೆ. ಈ ಕಾರಣಕ್ಕಾಗಿಯೇ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಇಂತಹ ಕೃತಕ ಕಲ್ಲಿನ ತಯಾರಿಕೆ, ಸರಬರಾಜು ಮತ್ತು ಜೋಡಣೆಯನ್ನು ನಿಷೇಧಿಸಿದೆ.

ನೈಸರ್ಗಿಕ ಗ್ರಾನೈಟ್‌ನಲ್ಲಿ ಸಿಲಿಕಾ ಇದಕ್ಕಿಂತ ಬಹಳ ಕಡಿಮೆ, ಆದರೆ ಇಲ್ಲವೆಂದಲ್ಲ. ನಮ್ಮ ಸದಸ್ಯರಲ್ಲಿ ಕಲ್ಲು ಕೊಯ್ಯುವ ಘಟಕಗಳನ್ನು ನಡೆಸುವವರೂ ಇದ್ದಾರೆ. ನೀರು ಹರಿಸುತ್ತ ಕೊಯ್ಯುವುದು, ಧೂಳು ಹೀರುವ ವ್ಯವಸ್ಥೆ, ಸರಿಯಾದ ಮುಖಗವಸು ಇವುಗಳ ವೆಚ್ಚವನ್ನು ಸರಕಿನ ದರದಲ್ಲಿ ಸೇರಿಸಿಯೇ ಹೇಳಬೇಕು. ಕೊಳ್ಳುವವರೂ ಅದಕ್ಕೆ ಚೌಕಾಶಿ ಮಾಡಬಾರದು. ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗ ಎಂಬುದನ್ನು ಘಟಕದ ಮಾಲೀಕರು ಮರೆಯುವಂತಿಲ್ಲ. ಮನೆಯಲ್ಲಿ ಕೆಲಸ ನಡೆಯುವಾಗಲೂ ಸಿಂಕಿನ ಜಾಗವನ್ನು ಅಂಗಡಿಯಲ್ಲಿಯೇ ಕೊಯ್ಯಿಸಿ ತರುವುದು ಮೇಲು. ಪಡಸಾಲೆಯಲ್ಲಿ ಕುಳಿತು ಮುಖಕ್ಕೆ ಟವೆಲ್ ಸುತ್ತಿಕೊಂಡು ಹುಡುಗನೊಬ್ಬ ಒಣ ಕಲ್ಲು ಕೊಯ್ಯುವುದನ್ನು ನೋಡುತ್ತ ಚಹಾ ಕುಡಿಯುವುದು ನಮಗೆ ಒಪ್ಪುವ ಕೆಲಸವಲ್ಲ.

ಬಿಲ್ಲು ಮತ್ತು ತೆರಿಗೆ

ಜಿ.ಎಸ್.ಟಿ. ಬಂದಾಗ ಗ್ರಾನೈಟ್ ಹಲಗೆಗೆ ಶೇಕಡಾ 28 ಇದ್ದದ್ದು 2017ರ ನವೆಂಬರ್ 15ರಿಂದ ಶೇಕಡಾ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರ ಪರಿಷ್ಕರಣೆಯಲ್ಲಿ ಸಿಮೆಂಟ್ ಶೇಕಡಾ 28ರಿಂದ 18ಕ್ಕೆ, ಗ್ರಾನೈಟ್ ಮತ್ತು ಅಮೃತಶಿಲೆಯ ದಿಂಡುಗಳು ಶೇಕಡಾ 12ರಿಂದ 5ಕ್ಕೆ ಬಂದವು. ದಿಂಡಿಗೆ ತೆರಿಗೆ ಇಳಿದುದನ್ನು ಕೇಳಿ ಹಲಗೆಗೂ ಶೇಕಡಾ 5 ಎಂದು ವಾದಿಸುವ ಗ್ರಾಹಕರಿದ್ದಾರೆ, ಅದು ಸರಿಯಲ್ಲ. ಬಿಲ್ಲು ಬೇಡವೆಂದರೆ ಆ ಶೇಕಡಾ 18 ಉಳಿಯುತ್ತದೆಂದು ಅಂಗಡಿಯವರು ಆಸೆ ತೋರಿಸುವುದೂ ಉಂಟು. ಆ ಉಳಿತಾಯ ಎಷ್ಟು ದುಬಾರಿ ಎಂಬುದು ಮನೆ ಮಾರುವ ದಿನ ತಿಳಿಯುತ್ತದೆ.

ಹೇಗೆಂದರೆ, 2001ರ ಏಪ್ರಿಲ್ 1ರ ಅನಂತರ ಮನೆಗೆ ಮಾಡಿದ ಬಂಡವಾಳ ಸ್ವರೂಪದ ಸುಧಾರಣೆಯ ವೆಚ್ಚವನ್ನು ಮಾರಾಟದ ಲಾಭದಿಂದ ಕಳೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಪಿತ್ರಾರ್ಜಿತ ಮನೆಯಾಗಿದ್ದರೆ ತಂದೆಯವರು ಮಾಡಿಸಿದ ಸುಧಾರಣೆಯೂ ಸೇರುತ್ತದೆ. ಭದ್ರವಾಗಿ ಕಟ್ಟಿದ ಕಲ್ಲಿನ ಕಟ್ಟೆ, ನೆಲಹಾಸು, ಹೊಸ ಕೊಳವೆ ಮಾರ್ಗ ಇವು ಮನೆಯ ಭಾಗ. ಬಣ್ಣ ಬಳಿಸಿದ್ದು ದುರಸ್ತಿ ಮಾತ್ರ. ಎತ್ತಿ ಒಯ್ಯಬಹುದಾದ ಕಪಾಟು ಪೀಠೋಪಕರಣ. 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆಯನ್ನು ನಿವಾಸಿ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾರಿದಾಗ, ಬೆಲೆ ಸೂಚ್ಯಂಕದ ಲಾಭವಿಲ್ಲದೆ ಶೇಕಡಾ 12.5 ಅಥವಾ ಸೂಚ್ಯಂಕದೊಡನೆ ಶೇಕಡಾ 20, ಇವೆರಡರಲ್ಲಿ ಕಡಿಮೆಯಾದ ತೆರಿಗೆ ಸಾಕು. ಯಾವ ದಾರಿಯಲ್ಲಿ ಹೋದರೂ ಕೇಳುವುದು ಬಿಲ್ಲನ್ನೇ.

ಮನೆಯ ವೆಚ್ಚವನ್ನು ಪೇಢಿಯ ಪುಸ್ತಕದಲ್ಲಿ ‘ಕಟ್ಟಡ ದುರಸ್ತಿ’ ಎಂದು ಬರೆಯುವ ಅಭ್ಯಾಸ ಹಲವರಲ್ಲಿದೆ. ಕಾಳಿನ ವ್ಯಾಪಾರಿಯೊಬ್ಬರ ಪರಿಶೀಲನೆಯಲ್ಲಿ ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ: ಗೋದಾಮಿನಲ್ಲಿ ಸಿಂಕು ಮತ್ತು ಹೊಗೆ ಚಿಮಣಿ ಏಕೆ? ಉತ್ತರವಿರಲಿಲ್ಲ. ಸ್ವಂತ ವೆಚ್ಚವೆಂದು ಆ ಮೊತ್ತ ಆದಾಯಕ್ಕೆ ಸೇರಿತು, ಪಡೆದಿದ್ದ ಜಿ.ಎಸ್.ಟಿ. ಹುಟ್ಟುವಳಿಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಯಿತು. ಕಂಪನಿಯಾಗಿದ್ದರೆ ಅದು ನಿರ್ದೇಶಕರ ಕೈಯಲ್ಲಿ ಆದಾಯವಾಗುವ ಸಂಭವವೂ ಇದೆ. ಡ್ರಾಯಿಂಗ್ಸ್ ಖಾತೆಗೆ ಬರೆದು ಮನೆಯ ಹೆಸರಿನಲ್ಲಿಯೇ ಬಿಲ್ಲು ಪಡೆಯುವುದು ನೇರ ದಾರಿ.

ಮನೆಯ ದುರಸ್ತಿ ಅಥವಾ ನವೀಕರಣಕ್ಕೆ ಸಾಲ ಪಡೆದವರಿಗೆ, ಸ್ವಂತ ವಾಸದ ಮನೆಯಾಗಿದ್ದರೆ, ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದೆ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಇಲ್ಲ. ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಬೇಕು. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದವರಿಗೇ ಅಷ್ಟು ದಂಡ ಎಂಬುದನ್ನು ಕಲ್ಲಿನ ವ್ಯಾಪಾರಿಗಳೂ ಗುತ್ತಿಗೆದಾರರೂ ನೆನಪಿಡಬೇಕು. ಕಟ್ಟೆ ಒಡೆಯುವ ಮೊದಲು ಒಂದು, ಮುಗಿದ ಮೇಲೆ ಒಂದು ಛಾಯಾಚಿತ್ರ ತೆಗೆಸಿ ಬಿಲ್ಲುಗಳೊಡನೆ ಮನೆಯ ಕ್ರಯಪತ್ರ ಇರುವ ಕಡತದಲ್ಲಿಯೇ ಇಡುವುದು ಒಳ್ಳೆಯದು. ಅಂಗಡಿಯ ಚಿಕ್ಕ ಯಂತ್ರದಿಂದ ಹೊರಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತದೆ. ಅಂತಹವುಗಳನ್ನು ಅಂದೇ ಜೆರಾಕ್ಸ್ ಮಾಡಿಸಿ ಜೊತೆಗೆ ಲಗತ್ತಿಸಬೇಕು.